ಸುಮ್ಮನೆ ಕೂತ ಪ್ರೊಸೆಸರ್‌ಗೆ 1.30 ವೋಲ್ಟ್ ಏಕೆ?

ಪ್ರಶ್ನೆ: ಇಂಟೆಲ್ ಕೋರ್ ಐ7-8700ಕೆ ಪ್ರೊಸೆಸರ್, ಝಡ್370 ಮದರ್‌ಬೋರ್ಡ್. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಮ್ಯಾನುವಲ್ 1.30 ವೋಲ್ಟ್ ಕೊಟ್ಟು 4.8 ಗಿಗಾಹರ್ಟ್ಸ್‌ಗೆ ಓವರ್‌ಕ್ಲಾಕ್ ಮಾಡಿದ್ದೇನೆ, ಅಂದರೆ ವೇಗ ಹೆಚ್ಚಿಸಿದ್ದೇನೆ. ಏನೂ ಕೆಲಸವಿಲ್ಲದಾಗಲೂ ವೇಗ, ವೋಲ್ಟೇಜ್ ಎರಡೂ ಇಳಿಯುತ್ತಿಲ್ಲ. ಓವರ್‌ಕ್ಲಾಕ್ ಬಿಡದೆ ಇಳಿಸಲು ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಮೊದಲು ವೇಗ. ವಿಂಡೋಸ್‌ನ ಪವರ್ ಪ್ಲಾನ್ ‘ಹೈ ಪರ್ಫಾರ್ಮೆನ್ಸ್’ ಆಗಿದ್ದರೆ ‘ಮಿನಿಮಮ್ ಪ್ರೊಸೆಸರ್ ಸ್ಟೇಟ್’ ಶೇ. 100ರಲ್ಲಿ ಇರುತ್ತದೆ. ‘ಬ್ಯಾಲೆನ್ಸ್ಡ್’ ಆರಿಸಿ, ಅದನ್ನು ಶೇ. 5ಕ್ಕೆ ತನ್ನಿ. ಬಯಾಸ್‌ನಲ್ಲಿ, ಕೆಲಸವಿಲ್ಲದಾಗ ವೇಗ ತಗ್ಗಿಸುವ ಸ್ಪೀಡ್‌ಸ್ಟೆಪ್ ಎನೇಬಲ್ ಇರಲಿ. ವೇಗ 800 ಮೆಗಾಹರ್ಟ್ಸ್‌ವರೆಗೂ ಇಳಿಯುತ್ತದೆ.

ಅಷ್ಟಾದರೂ ವೋಲ್ಟೇಜ್ 1.30ರಲ್ಲೇ ನಿಂತಿರುತ್ತದೆ. ವೇಗ ಎಷ್ಟೇ ಇರಲಿ, ಮ್ಯಾನುವಲ್ ಮೋಡ್ ಕೊಡುವುದು ಅಷ್ಟನ್ನೇ. ಅದನ್ನು ‘ಅಡಾಪ್ಟಿವ್’ಗೆ ಬದಲಿಸಿ, ಟರ್ಬೊ (ಹೆಚ್ಚಿನ ವೇಗದ) ವೋಲ್ಟೇಜ್ ಜಾಗದಲ್ಲಿ 1.300 ತುಂಬಿ. ಆಗ ಟರ್ಬೊ ವೇಗಕ್ಕೆ ಮಾತ್ರ ಆ ವೋಲ್ಟೇಜ್. 800 ಮೆಗಾಹರ್ಟ್ಸ್‌ನಲ್ಲಿ ಚಿಪ್ ಸುಮಾರು 0.7 ವೋಲ್ಟ್ ಸಾಕು ಎನ್ನುತ್ತದೆ. ಅದು ಹಾಗೆ ಮದರ್‌ಬೋರ್ಡ್‌ನ ವೋಲ್ಟೇಜ್ ನಿಯಂತ್ರಕವನ್ನು ಕೇಳುವುದು ಎಸ್‌ವಿಐಡಿ ಎಂಬ ಸಂಪರ್ಕದ ಮೂಲಕ. ಓವರ್‌ಕ್ಲಾಕ್ ಮಾಡುವಾಗ ಎಸ್‌ವಿಐಡಿ ಡಿಸೇಬಲ್ ಮಾಡಿದ್ದರೆ ಮತ್ತೆ ಎನೇಬಲ್ ಮಾಡಿ, ಇಲ್ಲವಾದರೆ ಅಡಾಪ್ಟಿವ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ವಿದ್ಯುತ್ ನಿಜಕ್ಕೂ ಉಳಿಯುವುದು ಸಿ-ಸ್ಟೇಟ್‌ಗಳಿಂದ, ಅಂದರೆ ಕೆಲಸವಿಲ್ಲದ ಕೋರ್‌ಗಳು ಜಾರುವ ನಿದ್ರಾಸ್ಥಿತಿಗಳಿಂದ. ಸಿ6ಗೆ ಹೋದ ಕೋರ್‌ಗೆ ಚಿಪ್ಪಿನೊಳಗೇ ಕರೆಂಟ್ ಕಡಿತವಾಗುತ್ತದೆ, ಪರದೆಯಲ್ಲಿ 1.30 ಕಾಣುತ್ತಿದ್ದರೂ ಆ ಕೋರ್ ಎಳೆಯುವುದು ಹೆಚ್ಚುಕಡಿಮೆ ಸೊನ್ನೆ. ಆದರೆ ಕೆಲವು ಬೋರ್ಡ್‌ಗಳಲ್ಲಿ ಓವರ್‌ಕ್ಲಾಕ್ ಮಾಡಿದ ಕೂಡಲೇ ಸಿ-ಸ್ಟೇಟ್‌ನ ‘ಆಟೋ’ ಎಂದರೆ ‘ಡಿಸೇಬಲ್’ ಎಂದೇ ಆಗಿಬಿಡುತ್ತದೆ. ಆದ್ದರಿಂದ ಸಿ1ಇ, ಸಿ3, ಸಿ6/ಸಿ7 ಒಂದೊಂದನ್ನೂ ನೀವೇ ಎನೇಬಲ್ ಮಾಡಿ. ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನೇ ಮಾಡಿ. 10 ವ್ಯಾಟ್ ಉಳಿದರೂ ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 2.4 ಯೂನಿಟ್. ಬಿಲ್‌ಗಿಂತ, ಫ್ಯಾನ್ ಸದ್ದು ಮತ್ತು ಶಾಖ ತಗ್ಗುವುದೇ ದೊಡ್ಡ ಲಾಭ.

ವೇಗ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಪರೀಕ್ಷಿಸುವಾಗ ಪೋಲಿಂಗ್ ಅವಧಿಯನ್ನು (ಎರಡು ಅಳತೆಗಳ ನಡುವಿನ ಸಮಯ) 5000 ಮಿಲಿಸೆಕೆಂಡ್‌ಗೆ ಏರಿಸಿ. ಪದೇಪದೇ ಅಳೆದರೆ ಆ ತಂತ್ರಾಂಶವೇ ಕೋರ್‌ಗಳನ್ನು ಎಬ್ಬಿಸುತ್ತದೆ. ಬ್ರೌಸರ್ ಮುಚ್ಚಿ, ಹತ್ತು ನಿಮಿಷ ಮೌಸ್ ಮುಟ್ಟದೆ ಬಿಟ್ಟು ನೋಡಿ.

ಪ್ರಶ್ನೆ: ಅಡಾಪ್ಟಿವ್ ಜೊತೆಗೆ ಆಫ್‌ಸೆಟ್ ಮೈನಸ್ 0.080 ಕೊಟ್ಟು ವೋಲ್ಟೇಜ್ ಅಷ್ಟು ತಗ್ಗಿಸಿದ್ದೇನೆ. ರಾತ್ರಿಯಿಡೀ ಸ್ಟ್ರೆಸ್ ಟೆಸ್ಟ್ ಓಡಿತು, ಆದರೆ ಸುಮ್ಮನೆ ಬಿಟ್ಟರೆ ಹ್ಯಾಂಗ್ ಆಗುತ್ತದೆ.

ಉತ್ತರ: ಆಫ್‌ಸೆಟ್ ಎಲ್ಲ ವೇಗಗಳಿಗೂ ಅನ್ವಯಿಸುತ್ತದೆ. 1.30 ಇದ್ದದ್ದು 1.22 ಆದಂತೆಯೇ 0.70 ಇದ್ದದ್ದು 0.62 ಆಗಿದೆ, ಅದು ಸಾಲುತ್ತಿಲ್ಲ. ಲೋಡ್ ಇದ್ದಾಗ ಕಾಪಾಡುತ್ತಿರುವುದು ಬಹುಶಃ ಬಿಗಿಯಾದ ಎಲ್‌ಎಲ್‌ಸಿ, ಅಂದರೆ ಲೋಡ್ ಬಂದಾಗ ವೋಲ್ಟೇಜ್ ಕುಸಿಯದಂತೆ ನೋಡಿಕೊಳ್ಳುವ ಲೋಡ್‌ಲೈನ್ ಕ್ಯಾಲಿಬ್ರೇಶನ್. ಅದನ್ನು ಒಂದು ಹಂತ ಸಡಿಲಿಸಿ, ಆಫ್‌ಸೆಟ್‌ನ ಮೈನಸ್ ಅನ್ನು 0.010ರಷ್ಟೇ ಕಡಿಮೆ ಮಾಡುತ್ತಾ ಬನ್ನಿ. ಲೋಡ್‌ನಲ್ಲಿ ಮೊದಲಿನಷ್ಟೇ ವೋಲ್ಟೇಜ್ ಉಳಿಯುತ್ತದೆ, ಸುಮ್ಮನಿರುವಾಗ ತುಸು ಹೆಚ್ಚು ಸಿಗುತ್ತದೆ. ಹಂತದ ಸಂಖ್ಯೆ ನೋಡಿ ಮೋಸಹೋಗಬೇಡಿ: ಆಸುಸ್‌ನಲ್ಲಿ ದೊಡ್ಡ ಸಂಖ್ಯೆ ಬಿಗಿ, ಎಂಎಸ್‌ಐನಲ್ಲಿ ಚಿಕ್ಕದು ಬಿಗಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ, ಹಾರ್ಡ್‌ವೇರ್ ದೋಷ ದಾಖಲಿಸುವ ‘ಡಬ್ಲ್ಯೂಎಚ್‌ಇಎ-ಲಾಗರ್’ ಹೆಸರಿನಲ್ಲಿ ಈವೆಂಟ್ ಐಡಿ 18 ಅಥವಾ 19ರ ನಮೂದು ಬರುತ್ತಿರುವವರೆಗೆ ಹೊಂದಾಣಿಕೆ ಮುಗಿದಿಲ್ಲ ಎಂದೇ ತಿಳಿಯಿರಿ.

ಪ್ರಶ್ನೆ: ಐ5-4670ಕೆ. ಸಿ7 ಎನೇಬಲ್ ಮಾಡಿದ ಮೇಲೆ ಸುಮ್ಮನಿದ್ದಾಗ ಇಡೀ ಯಂತ್ರವೇ ಆಫ್ ಆಗುತ್ತಿದೆ. ಪವರ್ ಸಪ್ಲೈ ಹಳೆಯದು.

ಉತ್ತರ: ದೋಷ ಪ್ರೊಸೆಸರ್‌ನದ್ದಲ್ಲ. 2013ರ ಹ್ಯಾಸ್ವೆಲ್ ಚಿಪ್‌ಗಳು ಸಿ6, ಸಿ7ರಲ್ಲಿ 12 ವೋಲ್ಟ್ ದಾರಿಯಿಂದ 0.05 ಆಂಪಿಯರ್‌ವರೆಗೂ ಇಳಿಯಬಲ್ಲವು. ಅಷ್ಟು ಕಡಿಮೆ ಹೊರೆಗೆ ಹಲವು ಹಳೆಯ ಪವರ್ ಸಪ್ಲೈಗಳು ಸ್ಥಿರವಾಗಿ ನಿಲ್ಲುವುದಿಲ್ಲ. ಸಿ6, ಸಿ7 ಎರಡನ್ನು ಮಾತ್ರ ಡಿಸೇಬಲ್ ಮಾಡಿ. ಸಿ1ಇ, ಸಿ3 ಹಾಗೇ ಇರಲಿ. ಮುಂದೆ ಪವರ್ ಸಪ್ಲೈ ಬದಲಿಸಿದಾಗ ಆ ಎರಡನ್ನೂ ಮತ್ತೆ ಎನೇಬಲ್ ಮಾಡಲು ಮರೆಯಬೇಡಿ.