ಮೇಲ್ಮನವಿಗೆ ಹೋಗುವ ಮುನ್ನ ನಿಮ್ಮ ಅರ್ಜಿಯನ್ನೇ ಓದಿ

ಪ್ರಶ್ನೆ: ಬ್ಯಾಕಪ್ ಟೇಪಿನಲ್ಲಿ ಡೇಟಾ ತಪ್ಪನ್ನು ಪತ್ತೆ ಮಾಡುವ ವಿಧಾನಕ್ಕೆ ಪೇಟೆಂಟ್ ಕೇಳಿದ್ದೆ. ‘ಇದು ಬರೀ ಆಲ್ಗಾರಿದಮ್ (ಲೆಕ್ಕದ ಕ್ರಮ)’ ಎಂದು ಪೇಟೆಂಟ್ ಕಾಯ್ದೆಯ 3(ಕೆ) ಸೆಕ್ಷನ್ ಅಡಿ ತಿರಸ್ಕರಿಸಿದರು. ಮೇಲ್ಮನವಿಯಲ್ಲಿ ಹಾರ್ಡ್‌ವೇರ್ ವಿವರ ಸೇರಿಸಿದರೆ ಗೆಲ್ಲಬಹುದೇ?

ಇಲ್ಲ. ಎಷ್ಟು ಜನರಿಗೆ ಇದನ್ನೇ ಹೇಳಬೇಕೋ! ಮೊದಲು ಸಲ್ಲಿಸಿದ ವಿವರಣೆಯಲ್ಲಿ ಇಲ್ಲದ್ದನ್ನು ಆಮೇಲೆ ತುರುಕಲು ಕಾಯ್ದೆಯ 59ನೇ ಸೆಕ್ಷನ್ ಬಿಡುವುದಿಲ್ಲ. ‘ಪ್ರೊಸೆಸರ್’, ‘ಮೆಮೊರಿ’ ಎಂದು ನಾಲ್ಕು ಪದ ಸೇರಿಸಿದರೆ ಸಾಕು ಎನ್ನುವ ಏಜೆಂಟರನ್ನು ನಂಬಬೇಡಿ. ‘ಗ್ಯಾರಂಟಿ ಪೇಟೆಂಟ್’ ಎನ್ನುವವರ ಹತ್ತಿರ ಸುಳಿಯಲೇಬೇಡಿ.

ನಿಮ್ಮ ಮೂಲ ಅರ್ಜಿಯಲ್ಲಿ ಟೇಪು ಎಲ್ಲಿದೆ? ಅದನ್ನು ಹುಡುಕಿ. ಉದಾಹರಣೆಗೆ, 1964ರಲ್ಲಿ ಐಬಿಎಂ ಸಿಸ್ಟಮ್/360 ಕಂಪ್ಯೂಟರ್ ಜೊತೆ ಬಂದ 9 ಟ್ರ್ಯಾಕಿನ (ಉದ್ದುದ್ದ ಪಟ್ಟಿಗಳ) ಟೇಪನ್ನು ನೋಡಿ. ಇಂಚಿಗೆ 800 ಅಡ್ಡ ಸಾಲು, ಸಾಲಿಗೆ 8 ಬಿಟ್ ಡೇಟಾ, 1 ಪ್ಯಾರಿಟಿ, ಅಂದರೆ ತಾಳೆ ನೋಡುವ ಬಿಟ್. ಒಂದು ಬಿಟ್ ತಪ್ಪಾದರೆ ಪ್ಯಾರಿಟಿ ಹಿಡಿಯುತ್ತದೆ, ಆದರೆ ಯಾವ ಬಿಟ್ ಎಂದು ಹೇಳುವುದಿಲ್ಲ. ಒಂದೇ ಸಾಲಿನಲ್ಲಿ ಎರಡು ತಪ್ಪಾದರೆ ಗೊತ್ತೇ ಆಗುವುದಿಲ್ಲ. ಆದರೆ ಟೇಪು ಹೇಗೆಂದರೆ ಹಾಗೆ ಕೆಡುವುದಿಲ್ಲ. ಧೂಳಿನ ಕಣವೊಂದು ಟೇಪನ್ನು ಹೆಡ್ಡಿನಿಂದ ತುಸು ಎತ್ತಿದರೆ ಸಾಮಾನ್ಯವಾಗಿ ಒಂದೇ ಟ್ರ್ಯಾಕಿನ ಉದ್ದಕ್ಕೂ ಸಿಗ್ನಲ್ ಕುಗ್ಗುತ್ತದೆ. ಅದಕ್ಕೇ ಪ್ರತಿ ಬ್ಲಾಕಿನ (ಸಾಲುಗಳ ಗುಂಪಿನ) ಕೊನೆಗೆ ಸಿಆರ್‌ಸಿ ಎಂಬ, ಇಡೀ ಬ್ಲಾಕನ್ನು ತಾಳೆ ನೋಡುವ ಸಂಕೇತ ಬರೆದರು. ಕೆಟ್ಟ ಟ್ರ್ಯಾಕು ಯಾವುದೆಂದು ಅದರಿಂದ ಲೆಕ್ಕ ಹಾಕಬಹುದು, ಕೆಟ್ಟ ಸಾಲು ಯಾವುದೆಂದು ಪ್ಯಾರಿಟಿ ತೋರಿಸುತ್ತದೆ. ಮತ್ತೆ ಓದುವಾಗ ಆ ಬಿಟ್ ಬದಲಿಸಿದರೆ ಆಯಿತು. ಎಂಥ ಚೆಂದದ ಕೆಲಸ! ಲೆಕ್ಕವೇ ಸರಿ, ಆದರೆ ಟೇಪಿನ ಕಾಯಿಲೆ ನೋಡಿ ಕೊಟ್ಟ ಮದ್ದು.

ಇಂಥ ಕಾರಣ, ಪರಿಣಾಮ ನಿಮ್ಮ ಅರ್ಜಿಯಲ್ಲಿ ಮೊದಲೇ ಇದ್ದರೆ ಹೋರಾಡಿ. ಸಾಫ್ಟ್‌ವೇರ್ ಪೇಟೆಂಟಿನ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2019ರಲ್ಲಿ ತಾಂತ್ರಿಕ ಪರಿಣಾಮಕ್ಕೆ ಬೆಲೆ ಕೊಟ್ಟಿದೆ. ಬರೀ ಸೂತ್ರಗಳಿದ್ದರೆ ನಾನಂತೂ ಮೇಲ್ಮನವಿಗೆ ಸಹಿ ಹಾಕುವುದಿಲ್ಲ. ಗೆದ್ದರೂ ಹೊಸತನದ ಪರೀಕ್ಷೆ ಬಾಕಿ ಇರುತ್ತದೆ, ಅಲ್ವಾ? ಪ್ಯಾರಿಟಿ, ಸಿಆರ್‌ಸಿ ಜೋಡಿಸುವುದು ಅರವತ್ತು ವರ್ಷ ಹಳೆಯದು.

ಪ್ರಶ್ನೆ: ಡೇಟಾ ತಪ್ಪು ತಿದ್ದುವ ಹ್ಯಾಮಿಂಗ್ ಕೋಡಿಗೆ ಪೇಟೆಂಟ್ ಸಿಕ್ಕಿತ್ತಲ್ಲ, ನನಗೇಕೆ ಇಲ್ಲ?

ಅದು 1951ರ ಅಮೆರಿಕ. ಅವರು ಸರ್ಕ್ಯೂಟ್ ಸಮೇತ ಕೇಳಿದ್ದರು.

ಪ್ರಶ್ನೆ: ಟೇಪಿನ ಕಾಲ ಮುಗಿಯಿತಲ್ಲವೇ?

ಸುಮ್ನೆ ಹಬ್ಬಿಸಿದ ಮಾತು. ದೊಡ್ಡ ಡೇಟಾ ಸೆಂಟರ್‌ಗಳು ಇಂದಿಗೂ ಎಲ್‌ಟಿಒ ಎಂಬ ಬಗೆಯ ಬ್ಯಾಕಪ್ ಟೇಪು ಕೊಳ್ಳುತ್ತವೆ.

ಪ್ರಶ್ನೆ: ಬೆಂಗಳೂರಿನವರು ಮೇಲ್ಮನವಿ ಎಲ್ಲಿ ಹಾಕಬೇಕು?

ಚೆನ್ನೈ ಪೇಟೆಂಟ್ ಕಚೇರಿಯ ಆದೇಶವಾದರೆ ಮದ್ರಾಸ್ ಹೈಕೋರ್ಟಿನಲ್ಲಿ, ಮೂರು ತಿಂಗಳೊಳಗೆ. ಹಳೆಯ ಮೇಲ್ಮನವಿ ಮಂಡಳಿ 2021ರಲ್ಲೇ ರದ್ದಾಗಿದೆ.