ಓದುಗರ ಪ್ರಶ್ನೆ: 28 ನಿಮಿಷದ ಹಾದಿಗೆ ಒಂದೂಕಾಲು ಗಂಟೆ ಯಾಕೆ?

ಪ್ರಶ್ನೆ: ಶಿವಮೊಗ್ಗದಿಂದ ಬೆಂಗಳೂರಿಗೆ ಬಸ್ಸಿನಲ್ಲಿ 300 ಕಿ.ಮೀ., ರೈಲಿನಲ್ಲಿ 275 ಎನ್ನುತ್ತಾರೆ. ವಿಮಾನ ಹಾರುವುದು ಎಷ್ಟು ದೂರ?

ಉತ್ತರ: ನೇರ ಗೆರೆ ಎಳೆದರೆ ಸುಮಾರು 236 ಕಿ.ಮೀ. ಕ್ಯಾಲ್ಕುಲೇಟರ್ ಇದ್ದರೆ ನೀವೇ ಲೆಕ್ಕ ಹಾಕಿ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಇರುವುದು 13 ಡಿಗ್ರಿ 51 ನಿಮಿಷ ಉತ್ತರ, 75 ಡಿಗ್ರಿ 37 ನಿಮಿಷ ಪೂರ್ವದಲ್ಲಿ (ಇಲ್ಲಿ ನಿಮಿಷ ಎಂದರೆ ಹೊತ್ತಲ್ಲ, ಡಿಗ್ರಿಯ ಅರವತ್ತನೇ ಒಂದು ಪಾಲು). ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಯದು 13 ಡಿಗ್ರಿ 12 ನಿಮಿಷ, 77 ಡಿಗ್ರಿ 42 ನಿಮಿಷ. ಅಕ್ಷಾಂಶದ ವ್ಯತ್ಯಾಸ 39 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ, ಹಾಗಾಗಿ ಅದು 39 ನಾಟಿಕಲ್ ಮೈಲಿಯೇ. ರೇಖಾಂಶದ ವ್ಯತ್ಯಾಸ 125 ನಿಮಿಷ. ಆದರೆ ಧ್ರುವದ ಕಡೆ ಹೋದಂತೆ ಆ ಗೆರೆಗಳು ಒತ್ತೊತ್ತಾಗುವುದರಿಂದ ನಮ್ಮ ಸೀಮೆಯಲ್ಲಿ 0.972ರಿಂದ ಗುಣಿಸಬೇಕು. ಬರುವುದು 121.5. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 127.6 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ., ಹಾಗಾಗಿ ಅದನ್ನು 1.852ರಿಂದ ಗುಣಿಸಿ. ಸೆಕೆಂಡುಗಳನ್ನೂ ಹಿಡಿದರೆ ಒಂದೆರಡು ಕಿ.ಮೀ. ಹೆಚ್ಚಾದೀತು, ಅಷ್ಟೇ.

ಪ್ರಶ್ನೆ: ಈ ಹಾದಿಯ ಎಟಿಆರ್ (ಪ್ರೊಪೆಲ್ಲರ್ ಇರುವ ಸಣ್ಣ) ವಿಮಾನದ ವೇಗ ಗಂಟೆಗೆ 510 ಕಿ.ಮೀ. ಅಂತೆ. ಹಾಗಾದರೆ 28 ನಿಮಿಷ ಸಾಕಲ್ಲ? ಟಿಕೆಟ್‌ನಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ ಎಂದಿರುತ್ತದೆ. ಎದುರುಗಾಳಿಯೇ ಕಾರಣವೇ?

ಉತ್ತರ: ಗಾಳಿಯನ್ನು ಬೈಯಬೇಡಿ. ಗಂಟೆಗೆ 40 ಕಿ.ಮೀ. ಎದುರುಗಾಳಿ ಬೀಸಿದರೂ ಇಷ್ಟು ಹತ್ತಿರದ ಹಾದಿಗೆ ತಗಲುವ ಹೆಚ್ಚುವರಿ ಸಮಯ ಎರಡೂವರೆ ನಿಮಿಷ ದಾಟದು.

ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗ ಬಿಟ್ಟ ಗಳಿಗೆಯಿಂದ ಇನ್ನೊಂದು ಊರಿನಲ್ಲಿ ಗಾಲಿಗೆ ಅಡ್ಡಗಟ್ಟೆ ಇಡುವವರೆಗಿನ ಸಮಯ. ಬೆಂಗಳೂರಿನಲ್ಲಿ ರನ್‌ವೇವರೆಗೆ ಉರುಳಿ, ಸರದಿಯಲ್ಲಿ ಕಾಯುವುದಕ್ಕೇ ಕಾಲು ಗಂಟೆ ಹೋಗಬಹುದು. ಇನ್ನು 510 ಎಂಬುದು ಮೇಲೇರಿ ಸಮಸ್ಥಿತಿಗೆ ಬಂದ ಮೇಲಿನ ವೇಗ. ಇಷ್ಟು ಸಣ್ಣ ಹಾದಿಯಲ್ಲಿ ಏರುವುದು, ಇಳಿಯುವುದೇ ಹೆಚ್ಚು. ಆ ವೇಗದಲ್ಲಿ ಓಡುವುದು ಸ್ವಲ್ಪ ಹೊತ್ತು ಮಾತ್ರ.

ಮೂರನೆಯದು ದಿಕ್ಕು. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಮುಖಮಾಡಿ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮಳೆಗಾಲದ ಪಡುವಣ ಗಾಳಿಯಲ್ಲಿ ಶಿವಮೊಗ್ಗಕ್ಕೆ ಹೊರಟ ವಿಮಾನ ಪಶ್ಚಿಮಕ್ಕೇ ಏರಿ ಹಾದಿ ಹಿಡಿಯುತ್ತದೆ. ಮೂಡಣ ಗಾಳಿ ಇದ್ದರೆ ಮೊದಲು ಕೋಲಾರದ ಕಡೆ ಮುಖಮಾಡಿ ಏರಿ, ಆಮೇಲೆ ತಿರುಗಬೇಕು. ಬೆಂಗಳೂರಿಗೆ ವಾಪಸ್ ಬರುವಾಗ ಇದೇ ಉಲ್ಟಾ: ಪಡುವಣ ಗಾಳಿಯಿದ್ದರೆ ನಿಲ್ದಾಣ ದಾಟಿ ಪೂರ್ವಕ್ಕೆ ಹೋಗಿ ಹಿಂತಿರುಗಿ ಇಳಿಯಬೇಕು. ಕಿಟಕಿಯಲ್ಲಿ ರನ್‌ವೇ ಕಂಡ ಮೇಲೂ ಹತ್ತು ನಿಮಿಷ ಯಾಕೆ ಸುತ್ತಿಸುತ್ತಾರೆ ಎಂದು ಗೊಣಗುವವರಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಹಾಗಾದರೆ ರೈಲೇ ಮೇಲೋ?

ಉತ್ತರ: ಮೆಜೆಸ್ಟಿಕ್ ಸುತ್ತಮುತ್ತ ಕೆಲಸವಿದ್ದರೆ ಹೌದು. ಸೋಗಾನೆ ತಲುಪಲು ಅರ್ಧ ಗಂಟೆ, ಅಲ್ಲಿ ಒಂದೂವರೆ ಗಂಟೆ ಮುಂಚೆ ಹಾಜರಿ, ಪ್ರಯಾಣ, ಬ್ಯಾಗಿಗೆ ಕಾಯುವುದು, ದೇವನಹಳ್ಳಿಯಿಂದ ಊರೊಳಗೆ ಒಂದೂವರೆ ಗಂಟೆ: ಕೂಡಿದರೆ ಐದು ಗಂಟೆ ಹತ್ತಿರ. ಜನಶತಾಬ್ದಿಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ತಲುಪಿಸುತ್ತದೆ.

ದೆಹಲಿಗೋ ದುಬೈಗೋ ಮುಂದಿನ ವಿಮಾನ ಹಿಡಿಯುವವರ ಲೆಕ್ಕ ಬೇರೆ. ಅವರಿಗೆ ಸೋಗಾನೆಯೇ ಸರಿ. ಆದರೆ ಎರಡೂ ಪ್ರಯಾಣ ಒಂದೇ ಪಿಎನ್ಆರ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ತೆಗೆದರೆ ಬೆಂಗಳೂರಿನಲ್ಲಿ ಬ್ಯಾಗ್ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ, ಮೊದಲ ವಿಮಾನ ತಡವಾದರೆ ಎರಡನೆಯವರು ಕಾಯುವುದಿಲ್ಲ. ಮಳೆಗಾಲದಲ್ಲಿ ಶಿವಮೊಗ್ಗದ ಮೇಲೆ ಮೋಡ ಕೆಳಗಿಳಿದಾಗ, ಡಿಸೆಂಬರ್-ಜನವರಿಯಲ್ಲಿ ದೇವನಹಳ್ಳಿಯ ಬೆಳಗಿನ ಮಂಜಿನಲ್ಲಿ ತಡ ಮಾಮೂಲಿ. ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ.