ವಿಶ್ವವಿದ್ಯಾಲಯಕ್ಕೆ ಬೇರೆ ರಂಗಮಂದಿರ ಯಾಕೆ ಬೇಕು? ಅದರ ದುಡ್ಡು ಯಾರು ಕೊಡುತ್ತಾರೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಹಾಸನದಲ್ಲಿ ಹಾಸನಾಂಬ ಕಲಾಕ್ಷೇತ್ರ ಇರುವಾಗ ವಿಶ್ವವಿದ್ಯಾಲಯಕ್ಕೆ ಇನ್ನೊಂದು ರಂಗಮಂದಿರ ಯಾಕೆ ಅನ್ನುವುದು ಒಂದು. ಕಟ್ಟಿದರೆ ಆ ಖರ್ಚು ಮಕ್ಕಳ ಫೀಸಿನ ಮೇಲೆ ಬೀಳುತ್ತದಾ ಅನ್ನುವುದು ಇನ್ನೊಂದು. ನಾನು ಮೇಷ್ಟ್ರಲ್ಲ, ಆಫೀಸಿನವನೂ ಅಲ್ಲ. ಹವ್ಯಾಸಿ ತಂಡಗಳ ನಾಟಕಕ್ಕೆ ಲೈಟಿಂಗ್ ಮಾಡುವವನು. ಹಾಗಾಗಿ ನನ್ನ ಉತ್ತರ ಸ್ವಲ್ಪ ಸ್ಟೇಜಿನ ಹಿಂದಿನಿಂದ ಬರುತ್ತದೆ.

ನಾನು ಡಿಗ್ರಿ ಓದುವಾಗ ನಮ್ಮ ಕಾಲೇಜಿನಲ್ಲಿ ನಾಟಕ ಅಂದರೆ ಸೆಮಿನಾರ್ ಹಾಲ್. ಎದುರಿಗೇ ಎರಡು ಕಂಬ. ಕತ್ತಲಾಗುವ ದೃಶ್ಯಕ್ಕೆ ಇಬ್ಬರು ಹುಡುಗರು ಸ್ವಿಚ್ ಬೋರ್ಡ್ ಹತ್ತಿರ ನಿಂತು ಟ್ಯೂಬ್‌ಲೈಟುಗಳನ್ನು ಒಂದೊಂದಾಗಿ ಆರಿಸಬೇಕು. ಕೊನೆಗೆ ಉಳಿಯುವ 200 ವ್ಯಾಟಿನ ಬಲ್ಬಿಗೆ ನಾನು ಹಳೇ ಫ್ಯಾನ್ ರೆಗ್ಯುಲೇಟರ್ ಕಟ್ಟಿದ್ದೆ, ಆ ದೊಡ್ಡ ಡಬ್ಬಿಯಂಥದ್ದು. ಐದರಿಂದ ಒಂದಕ್ಕೆ ತಿರುಗಿಸಿದರೆ ಬಲ್ಬು ಮೆಲ್ಲಗೆ ಕೆಂಪಾಗುತ್ತಿತ್ತು. ಟಕ್ ಟಕ್ ಸದ್ದು ಮಾತ್ರ ಕೊನೇ ಬೆಂಚಿಗೂ ಕೇಳುತ್ತಿತ್ತು. ಹಿಂದಿನ ದಿನದವರೆಗೂ ಆ ಹಾಲಿನಲ್ಲಿ ಇಂಟರ್ನಲ್ಸ್ ನಡೆಯುತ್ತಿದ್ದವು, ನಮಗೆ ಕೀ ಸಿಕ್ಕಿದ್ದು ನಾಟಕದ ದಿನ ಬೆಳಗ್ಗೆ. ರೆಗ್ಯುಲೇಟರ್ ಒಂದು ಗಂಟೆ ಬಿಸಿ ತಡೆಯುತ್ತದಾ ಅಂತ ಒಮ್ಮೆಯೂ ನೋಡಿರಲಿಲ್ಲ. ತಡೆಯಲಿಲ್ಲ. ತಾಯಿ ಅಳುವ ಹೊತ್ತಿಗೆ ಸುಟ್ಟ ವಾಸನೆ ಬಂತು, ಮುಂದಿನ ಸಾಲಿನವರು ಎದ್ದು ನಿಂತರು, ಹಿಂದಿನವರು ಶಿಳ್ಳೆ ಹೊಡೆದರು. ತಾಯಿ ಪಾತ್ರದ ಹುಡುಗಿ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ರಂಗಮಂದಿರ ಬೇಕಾಗಿರುವುದು ಪ್ರದರ್ಶನಕ್ಕಿಂತ ಜಾಸ್ತಿ ರಿಹರ್ಸಲ್‌ಗೆ. ಕಲಾಕ್ಷೇತ್ರದಂಥ ಜಾಗವನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬೇಕು. ಜಯಂತಿ, ಸನ್ಮಾನ, ಶಾಲೆಗಳ ವಾರ್ಷಿಕೋತ್ಸವ ಎಲ್ಲಾ ಅಲ್ಲೇ. ನಮ್ಮ ಕಡೆಯ ಪೌರಾಣಿಕ ನಾಟಕಗಳಂತೂ ಬೆಳಗ್ಗೆ ಶುರುವಾದರೆ ದುರ್ಯೋಧನ ಬೀಳುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಇಟ್ಟುಕೊಂಡು ಕಲಿತಿರುತ್ತಾರೆ. ಅದೆಲ್ಲ ನಡೆಯಲೇಬೇಕು. ಆದರೆ ಅದರ ಮಧ್ಯೆ ವಿದ್ಯಾರ್ಥಿಗಳ ತಂಡ ಹದಿನೈದು ದಿನ ಸಂಜೆ ಹೋಗಿ ಸುಮ್ನೆ ತಪ್ಪು ಮಾಡುತ್ತಾ ಕೂರಲು ಆಗುತ್ತದಾ? ಊರಿನಲ್ಲಿ ಜಿಲ್ಲಾ ಕ್ರೀಡಾಂಗಣ ಇದೆ, ಕಾಲೇಜಿಗೆ ಮೈದಾನ ಯಾಕೆ ಅಂತ ಯಾರೂ ಕೇಳುವುದಿಲ್ಲ ಅಲ್ವಾ?

ಇನ್ನು ದುಡ್ಡು. ನಿಮ್ಮ ಫೀಸ್ ರಸೀದಿಯಲ್ಲಿ ಸಾಂಸ್ಕೃತಿಕ ಚಟುವಟಿಕೆ ಅಂತ ಒಂದು ಸಾಲು ಇದ್ದರೆ ಅದು ಚಿಕ್ಕ ಮೊತ್ತ. ಯುವಜನೋತ್ಸವಕ್ಕೆ ತಂಡ ಕಳಿಸುವ ಬಸ್ ಚಾರ್ಜು, ವೇಷಭೂಷಣ, ಊಟಕ್ಕೆ ಸರಿಹೋಗುತ್ತದೆ. ಅದರಲ್ಲಿ ರಂಗಮಂದಿರ ಏಳುವುದಿಲ್ಲ. ವಿಶ್ವವಿದ್ಯಾಲಯದ ಸ್ವಂತ ಆದಾಯ ಅಂದರೆ ಮುಖ್ಯವಾಗಿ ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ (ಅಫಿಲಿಯೇಶನ್) ಶುಲ್ಕ. ಈಗ ಹಾಸನ ವಿಶ್ವವಿದ್ಯಾಲಯ ಇರುವ ಹೇಮಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2022ರ ಕಾಯ್ದೆ ತಿದ್ದುಪಡಿಯಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಬಂದಾಗ ಹಾಸನವೂ ಒಂದಾಯಿತು. 2025ರಲ್ಲಿ ದುಡ್ಡಿಲ್ಲ ಅಂತ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಎದ್ದಿತ್ತು. ಆ ಪರಿಸ್ಥಿತಿಯಲ್ಲಿ ರಾಜ್ಯದ ಬಜೆಟ್ಟನ್ನೇ ನೆಚ್ಚಿಕೊಂಡರೆ ಕಷ್ಟ.

ಕಟ್ಟಡಕ್ಕೆ ಬೇರೆ ದಾರಿಗಳಿವೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಟ್ಯಾಗೋರ್ ಸಾಂಸ್ಕೃತಿಕ ಸಂಕೀರ್ಣ ಯೋಜನೆಗೆ ವಿಶ್ವವಿದ್ಯಾಲಯಗಳೂ ಅರ್ಜಿ ಹಾಕಬಹುದು. ಕರ್ನಾಟಕದಂಥ ರಾಜ್ಯಗಳಲ್ಲಿ ಯೋಜನೆಯ ವೆಚ್ಚದ ಶೇ. 60 ಕೇಂದ್ರದ್ದು, ನೆರವಿನ ಮಿತಿ 15 ಕೋಟಿ ರೂಪಾಯಿ. ಮಿಕ್ಕ ಶೇ. 40 ನಾವು ಹೊಂದಿಸಬೇಕು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಸಮಾಜಕ್ಕೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಕಲೆ ಮತ್ತು ಸಂಸ್ಕೃತಿಯೂ ಇದೆ. ದಾನಿಗಳು ಸಿಕ್ಕರೆ ಇನ್ನೂ ಒಳ್ಳೆಯದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ತೆರೆದ ಕ್ರ್ಯಾನರ್ಟ್ ರಂಗಕೇಂದ್ರಕ್ಕೆ ದೊಡ್ಡ ಗಂಟು ಕೊಟ್ಟವರು ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿ ಕಟ್ಟಿದವರು. ಸಕಲೇಶಪುರದ ಕಾಫಿ ತೋಟದವರಲ್ಲೂ ಯಾರಾದರೂ ಹಳೇ ವಿದ್ಯಾರ್ಥಿ ಮನಸ್ಸು ಮಾಡಬಾರದು ಅಂತೇನಿಲ್ಲ.

ತಾಪತ್ರಯ ಇರುವುದು ರಿಬ್ಬನ್ ಕತ್ತರಿಸಿದ ಮೇಲೆ. ಆ ಟ್ಯಾಗೋರ್ ಯೋಜನೆಯಲ್ಲಿ ನಿರ್ವಹಣೆಗೆ ಒಂದು ರೂಪಾಯಿಯೂ ಇಲ್ಲ. ದಾನಿಗಳು ಹೆಸರಿನ ಕಲ್ಲು ಹಾಕಿಸಲು ಕೊಡುತ್ತಾರೆ, ಡೀಸೆಲ್‌ಗೆ ಕೊಡುವುದಿಲ್ಲ. ಹಾಲ್ ಖಾಲಿ ಬಿದ್ದಿದ್ದರೂ ಚೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬಂದೇ ಬರುತ್ತದೆ. ಇಲಿ ಕೇಬಲ್ ಕಡಿಯುತ್ತದೆ. ಮಳೆಗಾಲದಲ್ಲಿ ಪರದೆಗೆ ಬೂಷ್ಟು. ಲೈಟು, ಸೌಂಡು ಗೊತ್ತಿರುವ ಒಬ್ಬ ಕಾಯಂ ಟೆಕ್ನಿಷಿಯನ್ ಬೇಕು. ಆ ಹುದ್ದೆ ಮಂಜೂರಾಗುವುದಿಲ್ಲ, ಕೊನೆಗೆ ಎಲೆಕ್ಟ್ರಿಷಿಯನ್‌ಗೇ ವಹಿಸುತ್ತಾರೆ. ಖರ್ಚು ಏರುತ್ತಿದ್ದ ಹಾಗೆ ಹೊರಗಿನವರಿಗೆ ಬಾಡಿಗೆ ಶುರು. ಸಮಾವೇಶ, ಪ್ರಾಡಕ್ಟ್ ಲಾಂಚು, ಆಮೇಲೆ ರಿಸೆಪ್ಷನ್ನೂ ಬರುತ್ತದೆ. ಆಗ ವಿದ್ಯಾರ್ಥಿಗಳು ಮತ್ತೆ ಸೆಮಿನಾರ್ ಹಾಲಿಗೆ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೋ ಅವರಿಗೇ ರಂಗಮಂದಿರ.

ಅದಕ್ಕೇ ಸಾವಿರ ಸೀಟಿನ ಏಸಿ ಸಭಾಂಗಣ ನನಗೆ ಇಷ್ಟವಿಲ್ಲ. 200 ಸೀಟು, ಮರದ ಹಲಗೆಯ ನೆಲ, ಕಪ್ಪು ಗೋಡೆ, ಲೈಟ್ ಕಟ್ಟಲು ಮೇಲೆ ಗಟ್ಟಿ ಪೈಪು ಸಾಕು. ಹೆಗ್ಗೋಡಿನ ನಾಟಕ ಸಂಘ ನೀನಾಸಮ್ ನೋಡಿ. ಅದು ವಿಶ್ವವಿದ್ಯಾಲಯವಲ್ಲ, ಹಳ್ಳಿಯ ಸಂಘ. ಸಂಘ ಹುಟ್ಟಿದ್ದು 1949ರಲ್ಲಿ, ಶಿವರಾಮ ಕಾರಂತ ರಂಗಮಂದಿರ ಬಂದಿದ್ದು 1972ರಲ್ಲಿ. ಇಪ್ಪತ್ತಮೂರು ವರ್ಷ ಕೆಲಸ ಮೊದಲು, ಕಟ್ಟಡ ಆಮೇಲೆ.

ನಿಮ್ಮಲ್ಲಿ ಪ್ಲಾನ್ ಆಗಲೇ ತಯಾರಾಗಿದ್ದರೆ ಮುಂಭಾಗದ ಕಂಬಗಳ ಚಿತ್ರ ಬಿಟ್ಟು ಇಷ್ಟು ನೋಡಿ: ಸ್ಟೇಜಿಗೆ ಬೇರೆ ತ್ರೀ ಫೇಸ್ ಲೈನ್ ಇದೆಯಾ, ವಿಂಗ್ಸ್ (ಸ್ಟೇಜಿನ ಎರಡೂ ಬದಿಯ ಮರೆ) ಪಕ್ಕ ಇಬ್ಬರು ಸೆಟ್ ಹೊತ್ತು ಓಡಾಡುವಷ್ಟು ಜಾಗ ಇದೆಯಾ, ಗ್ರೀನ್ ರೂಮಿಗೆ ಶೌಚಾಲಯ ಇದೆಯಾ. ಸಂಜೆ ಆರರ ಮೇಲೆ ಕೀ ಯಾರ ಹತ್ತಿರ ಇರುತ್ತದೆ ಅಂತಲೂ ಬರವಣಿಗೆಯಲ್ಲಿ ಕೇಳಿ.